ಕೊರಿಯಾ: ಎರಡೂ ಬೇಡವೆಂದ 88 ಮಂದಿ

ದಕ್ಷಿಣ ಕೊರಿಯಾ ‘ಶತ್ರು ರಾಷ್ಟ್ರ’ ಎಂದು ಉತ್ತರ ಕೊರಿಯಾ 2024ರಲ್ಲಿ ಸಾರಿತು. ಪುನರೇಕೀಕರಣದ ಗುರಿ ಕೈಬಿಟ್ಟು, ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ಹೋಗುವ ರಸ್ತೆಗಳನ್ನೂ ಸ್ಫೋಟಿಸಿತು. ಅವರು ಹೇಗೂ ಬೇರೆಯಾಗಿದ್ದಾರೆ, ಎರಡು ದೇಶವೆಂದೇ ಒಪ್ಪಿ ಸುಮ್ಮನಾಗೋಣ ಎನ್ನುವ ವಾದ ಈಗ ಜಾಣತನವೆನಿಸಿಕೊಳ್ಳುತ್ತಿದೆ. ಈ ವಾದ ತಪ್ಪು. ಯಾರೋ ಎಳೆದ ಗೆರೆಗೆ ಕೊರಿಯನ್ನರಿಂದ ರುಜು ಹಾಕಿಸುವ ಕೆಲಸವಿದು.

ಗೆರೆಗಳ ಸಂಕಟ ಗದಗ ಸೀಮೆಗೆ ಗೊತ್ತು. ಹಿಂದೆ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಪ್ರಾಂತದವು. ಮುಂಡರಗಿಯ ಆಚೆಗೆ ನಿಜಾಮನ ರಾಜ್ಯ. ಅದರ ವಿಮೋಚನೆಗೆ ಹೋರಾಡಿದವರ ಶಿಬಿರವೊಂದು ಮುಂಡರಗಿಯಲ್ಲೇ ಇತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರ ನವೆಂಬರ್ 1ಕ್ಕೆ ಉಳಿದ ಗೆರೆಗಳೂ ಅಳಿದವು. ಅವನ್ನು ಉಳಿಸಿಕೊಳ್ಳುವ ಹಟ ಹೊರಗಿನ ಯಾವ ಮಹಾಶಕ್ತಿಗೂ ಇರಲಿಲ್ಲ.

ಕೊರಿಯಾಕ್ಕೆ ಆ ಭಾಗ್ಯ ಸಿಗಲಿಲ್ಲ. 1945ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಇಬ್ಬರು ಸೇನಾಧಿಕಾರಿಗಳು ಭೂಪಟ ಹರಡಿಕೊಂಡು, ಅರ್ಧ ಗಂಟೆಯಲ್ಲಿ 38ನೇ ಅಕ್ಷಾಂಶವನ್ನು ಸೂಚಿಸಿದರು. ಮಾಸ್ಕೋ ತಕರಾರಿಲ್ಲದೆ ಒಪ್ಪಿತು. ಸಾವಿರ ವರ್ಷಕ್ಕೂ ಮಿಕ್ಕಿ ಒಂದಾಗಿದ್ದ ನಾಡಿನವರನ್ನು ಯಾರೂ ಕೇಳಲಿಲ್ಲ. ನಡುದಾರಿ ಹುಡುಕಿದ ಯೋ ಉನ್-ಹ್ಯೋಂಗ್ 1947ರಲ್ಲಿ, ಒಡಕನ್ನು ವಿರೋಧಿಸಿದ ಕಿಮ್ ಕು 1949ರಲ್ಲಿ ಸೋಲ್‌ನಲ್ಲೇ ಕೊಲೆಯಾದರು. 1950ರ ಜೂನ್ 25ರಂದು ದಾಳಿ ಮಾಡಿದ್ದು ಉತ್ತರ, ಅದೂ ಸ್ಟಾಲಿನ್ ಒಪ್ಪಿಗೆ ಪಡೆದು. ಅದನ್ನು ಮರೆಮಾಚಬೇಕಿಲ್ಲ. ಆದರೆ ಯುದ್ಧ ತಪ್ಪಿಸಬಲ್ಲ ದನಿಗಳು ಅಷ್ಟರಲ್ಲಾಗಲೇ ಅಡಗಿದ್ದವು.

ಎಲ್ಲರೂ ದಾಟಿಹೋಗುವ ಅಂಕಿ ಬರುವುದು ಇಲ್ಲಿ. 1953ರ ಜುಲೈ 27ರಂದು ಕದನವಿರಾಮವಾದಾಗ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಭಾರತೀಯ ಸೈನಿಕರು ತಮ್ಮ ನೆಲ ಮೆಟ್ಟಕೂಡದೆಂದು ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದಿದ್ದರಿಂದ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಅವರ ವಶಕ್ಕೆ ಬಂದವರು 22,600ಕ್ಕೂ ಹೆಚ್ಚು ಚೀನೀಯರು ಮತ್ತು ಉತ್ತರ ಕೊರಿಯನ್ನರು, ದಕ್ಷಿಣದ ಪರ ಹೋರಾಡಿದ 359 ಮಂದಿ. ಇವರಲ್ಲಿ 88 ಜನ ಎರಡೂ ಬಣ ಬೇಡವೆಂದರು: 76 ಕೊರಿಯನ್ನರು, 12 ಚೀನೀಯರು. 1954ರ ಫೆಬ್ರುವರಿಯಲ್ಲಿ ಅವರು ಭಾರತಕ್ಕೆ ಹಡಗು ಹತ್ತಿದರು. ಮುಂದೆ ಹಲವರು ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ನೆಲೆಸಿದರು.

23 ಸಾವಿರದಲ್ಲಿ 88 ಯಾವ ಲೆಕ್ಕ ಎನ್ನುವವರು ಆ ಕೈದಿಗಳ ಶಿಬಿರಗಳ ಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಅಲ್ಲಿ ಕೈದಿಗಳ ಮುಖಂಡರದೇ ದರ್ಬಾರು. ಬೇರೆ ದಾರಿ ಬಯಸಿದವರಿಗೆ ಹೊಡೆತ, ಕೆಲವರಿಗೆ ಸಾವು. ಕೈದಿಗಳಿಗೆ ತಿಳಿಹೇಳಲು ಗೊತ್ತುಮಾಡಿದ 90 ದಿನಗಳಲ್ಲಿ ಆ ಕೆಲಸ ನಡೆದದ್ದು ಹತ್ತೇ ದಿನ. ಮೂರನೆಯ ಉತ್ತರ ಕೊಟ್ಟವರು ಊರು, ಹೊಲ, ಹೆತ್ತವರು ಎಲ್ಲವನ್ನೂ ಬಿಡಬೇಕಿತ್ತು. ಇಷ್ಟಾದರೂ ಅವರು ಬಾಯಿಬಿಟ್ಟರೆಂಬುದೇ ದೊಡ್ಡದು. ಕೇಳದಿದ್ದ ಪ್ರಶ್ನೆಯನ್ನು ಎಂಟು ವರ್ಷ ತಡವಾಗಿ, ಬಂದೂಕಿನ ನೆರಳಲ್ಲಿ ಕೇಳಿದಾಗ ಬಂದ ಉತ್ತರವಿದು. 1945ರಲ್ಲೇ ನಿರ್ಭಯವಾಗಿ ಕೇಳಿದ್ದರೆ ಎಷ್ಟು ಮಂದಿ ಹೀಗೆ ಹೇಳುತ್ತಿದ್ದರೆಂಬುದಕ್ಕೆ 88 ಮಿತಿಯಾಗಲಾರದು.

ಆದ್ದರಿಂದ ಪ್ಯಾಂಗ್ಯಾಂಗ್‌ನ ಘೋಷಣೆಯನ್ನು ಜನರ ತೀರ್ಮಾನವೆಂದು ನಾವು ಒಪ್ಪಬಾರದು. ಭಾರತಕ್ಕೆ ಎರಡೂ ರಾಜಧಾನಿಗಳಲ್ಲಿ ರಾಯಭಾರ ಕಚೇರಿಯಿದೆ. ಎರಡೂ ಕಡೆಯ ಬೈಗುಳ ತಿಂದು ತಿಮ್ಮಯ್ಯನವರು ಮಾಡಿದ ಕೆಲಸದ ಪರಂಪರೆಯಿದೆ. ಕದನವಿರಾಮ ಇಂದಿಗೂ ಶಾಂತಿ ಒಪ್ಪಂದವಾಗಿಲ್ಲ. ಅಗಲಿದ ಕುಟುಂಬಗಳ ಹಿರಿಯರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಅವರ ಭೇಟಿಗೆ ದಾರಿ ತೆರೆಯಿರೆಂದು ಎರಡೂ ಸರ್ಕಾರಗಳಿಗೆ ದೆಹಲಿ ಹೇಳಲಿ, ಮಾತುಕತೆಗೆ ತನ್ನ ನೆಲವನ್ನೇ ಕೊಡಲಿ. ತಟಸ್ಥತೆ ಎಂದರೆ ಕೈಕಟ್ಟಿ ಕೂರುವುದೆಂದು 1953ರ ಭಾರತ ತಿಳಿದಿರಲಿಲ್ಲ. ಇಂದಿನ ಭಾರತವೂ ಹಾಗೆ ತಿಳಿಯಬೇಕಿಲ್ಲ.