ಲಿಮಿಟೆಡ್ ಎಡಿಷನ್ ಅಲ್ಲ ಗುರು, ಡೆಡ್ ಸ್ಟಾಕ್! (ಭಾಗ 4)

1969ರ ಕ್ಯಾಮರೋ ಝಡ್‌ಎಲ್-1. ತಯಾರಾಗಿದ್ದು ಬರೀ 69 ಕಾರು. ಕೇಳಿದ ತಕ್ಷಣ "ಕಂಪನಿ ಬೇಕಂತಲೇ ಕಮ್ಮಿ ಮಾಡಿದೆ" ಅನ್ಸುತ್ತೆ ಅಲ್ವಾ? ಇಲ್ಲ.

ಇಲಿನಾಯ್‌ನ ಲಾ ಹಾರ್ಪ್ ಅನ್ನೋ ಪುಟ್ಟ ಊರಿನ ಡೀಲರ್ ಫ್ರೆಡ್ ಗಿಬ್, ಡ್ರ್ಯಾಗ್ ರೇಸ್ ಹುಚ್ಚಲ್ಲಿ ಷೆವರ್ಲೆಗೆ 50 ಕಾರು ಆರ್ಡರ್ ಕೊಟ್ಟ. 427 ಕ್ಯೂಬಿಕ್ ಇಂಚಿನ ಪೂರ್ತಿ ಅಲ್ಯೂಮಿನಿಯಂ ಇಂಜಿನ್! ಆದ್ರೆ ಬಿಲ್ ನೋಡಿ: ಇಂಜಿನ್‌ಗೇ 4,000 ಡಾಲರ್ ಮೇಲೆ, ಕಾರು 7,000 ದಾಟಿತು. ಆ ದುಡ್ಡಿಗೆ ಎರಡು ಮಾಮೂಲಿ ಕ್ಯಾಮರೋ ಬಂದು ಚಿಲ್ಲರೆ ಉಳೀತಿತ್ತು. ಯಾರು ತಗೋತಾರೆ? ಗಿಬ್ ಅರ್ಧಕ್ಕಿಂತ ಜಾಸ್ತಿ ಕಾರು ವಾಪಸ್ ಕಳಿಸಿದ. ಕೆಲವು ಕಾರುಗಳಿಂದ ಆ ಇಂಜಿನ್ನೇ ಕಿತ್ತು, ಅಗ್ಗದ್ದು ಹಾಕಿ ಮಾರಿದ್ರು. (ನಮ್ಮ ಅಕೌಂಟ್ಸ್ ಭಾಷೇಲಿ, ಕ್ಲೋಸಿಂಗ್ ಸ್ಟಾಕ್ ಕಣ್ಣೀರು.)

ಇವತ್ತು ಅದೇ ಕಾರು ಹರಾಜಲ್ಲಿ ಲಕ್ಷಗಟ್ಟಲೆ ಡಾಲರ್.

ಅದಕ್ಕೇ "ಓನ್ಲಿ 500 ಪೀಸಸ್" ಅಂತ ಟೈಮರ್ ಓಡಿಸೋ ಶೂ, ವಾಚ್ ಕಂಡ್ರೆ ನಂಗೆ ನಗು. ಅಲ್ಲಿ ಕೊರತೆಯನ್ನೇ ಪ್ಯಾಕ್ ಮಾಡಿ ಮಾರ್ತಾರೆ. ಝಡ್‌ಎಲ್-1 ಅಪರೂಪ ಆಗಿದ್ದು ಯಾರಿಗೂ ಬೇಡವಾಗಿದ್ದಕ್ಕೆ. ನೀವು ಯಾವುದಕ್ಕೆ ಇಎಂಐ ಕಟ್ತಿದ್ದೀರಾ, ಕಾಮೆಂಟಲ್ಲಿ ಹೇಳಿ.

ಮುಂದಿನದು ರೆಕ್ಕೆ ಹೊತ್ತ ಪ್ಲಿಮತ್ ಸೂಪರ್‌ಬರ್ಡ್. ಅದೂ ಷೋರೂಮಲ್ಲಿ ಧೂಳು ತಿಂದಿದ್ದೇ!