ನಲವತ್ತೊಂದು ಪೆನ್ನು, ಬರೆಯುವುದು ನಾಲ್ಕು

ನಮ್ಮ ಮನೆಯಲ್ಲಿ ನವರಾತ್ರಿಗೆ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಜೊತೆಗೆ ಪೆನ್ನುಗಳಿಗೂ ಕುಂಕುಮ. ಈ ಸಲ ಪೂಜೆಗೆ ಇಡುವ ಮುನ್ನ ಡ್ರಾಯರು ಖಾಲಿ ಮಾಡಿ, ಹಳೆ ಪಂಚೆಯ ಮೇಲೆ ಎಲ್ಲವನ್ನೂ ಸಾಲಾಗಿ ಮಲಗಿಸಿ ಎಣಿಸಿದೆ. ನಲವತ್ತೊಂದು. ಇಪ್ಪತ್ತು ವರ್ಷದ ಗಳಿಕೆ. ಒಂದೊಂದನ್ನೂ ಕಾಗದಕ್ಕೆ ತಾಗಿಸಿದರೆ ಇಂಕು ಇಳಿದದ್ದು ನಾಲ್ಕರಲ್ಲಿ ಮಾತ್ರ. ಸರಸ್ವತಿಯ ಮುಂದೆ ಪುಸ್ತಕ, ಲೇಖನಿ ಇಟ್ಟ ಮೇಲೆ ವಿಜಯದಶಮಿಯವರೆಗೆ ಓದು-ಬರಹ ಕೂಡದು ಎಂಬುದು ಹಿರಿಯರ ಕಟ್ಟಳೆ. ನನ್ನ ಮೂವತ್ತೇಳು ಪೆನ್ನುಗಳು ಆ ವ್ರತವನ್ನು ವರ್ಷವಿಡೀ ನಡೆಸಿಕೊಂಡು ಬಂದಿದ್ದವು.

ಇಷ್ಟು ಪೆನ್ನು ಬಂದದ್ದಾದರೂ ಎಲ್ಲಿಂದ? ಜಯನಗರ ಬಡಾವಣೆ ಹುಟ್ಟಿದ್ದು 1948ರಲ್ಲಿ. ಇಲ್ಲಿ ಸೈಟು ಪಡೆದು ಮನೆ ಕಟ್ಟಿಕೊಂಡ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು, ಎಚ್‌ಎಂಟಿಯವರು ಜೀವಮಾನವಿಡೀ ಬರೆದವರು. ಈಗ ಆ ಮನೆಗಳನ್ನು ಮಕ್ಕಳು ಬಿಲ್ಡರಿಗೆ ಒಪ್ಪಿಸುತ್ತಿದ್ದಾರೆ. ತೇಗದ ಬಾಗಿಲಿಗೆ ಗಿರಾಕಿ ತಕ್ಷಣ ಸಿಗುತ್ತಾನೆ. ಮೇಜಿನ ಡ್ರಾಯರಿನಲ್ಲಿ ಉಳಿದದ್ದು ಹಳೆ ಪೇಪರಿನ ಅಂಗಡಿಗೋ ಚಿಕ್ಕಪೇಟೆ ಕಡೆಯ ಸಂಡೆ ಬಜಾರಿಗೋ ಹೋಗುತ್ತದೆ. ನಿವೃತ್ತಿಯ ದಿನ ಕೊಟ್ಟ ಪಾರ್ಕರ್, ಯಾರೋ ಭಾವಮೈದುನ ತಂದುಕೊಟ್ಟ ಚೀನಾದ ಹೀರೊ, ಮದರಾಸಿನಲ್ಲಿ ತಯಾರಾದ ಪೈಲಟ್, ರಾಜಮಹೇಂದ್ರಿಯ ರತ್ನಂ, ಎಲ್ಲ ಒಂದೇ ಬಿಸ್ಕತ್ ಡಬ್ಬಿಯಲ್ಲಿ. ಕ್ಯಾಪಿನ ಒಳಗೆ ಒಣಗಿದ ನೀಲಿ ಪುಡಿ ಕಂಡರೆ ನನಗೆ ಸಂತೋಷ, ಯಾರೋ ಬರೆದಿದ್ದಾರಲ್ಲ ಎಂದು. ಕೆಲವು ಸಂಗ್ರಾಹಕರಿಗೆ ಅದೇ ಕಂಡರೆ ಬೇಸರ. ಅವರಿಗೆ ಒಮ್ಮೆಯೂ ಮಸಿ ಮುಟ್ಟದ ಪೆನ್ನು ಬೇಕು. ಈ ಆಸೆ ನನಗೆ ಅರ್ಥವಾಗಿಲ್ಲ.

ನನ್ನ ಖಾತೆಯಲ್ಲಿ ದೊಡ್ಡ ನಷ್ಟವೂ ಒಂದಿದೆ, ನನ್ನ ಕೈಯಾರೆ ಆದದ್ದು. ಅಪ್ಪನ ಪೆನ್ನು ರತ್ನಂ. 1932ರಿಂದ ರಾಜಮಹೇಂದ್ರಿಯಲ್ಲಿ ಎಬೊನೈಟಿನ ಕಡ್ಡಿಯನ್ನು ಕಡೆದು ಮಾಡುತ್ತಿದ್ದ ಸ್ವದೇಶಿ ಪೆನ್ನು. ಬೆರಳಿನಿಂದ ಉಜ್ಜಿ ಮೂಸಿದರೆ ಗಂಧಕದ ವಾಸನೆ ಬರುತ್ತಿತ್ತು. ಫಿಲ್ಲರಿನಿಂದ ತೊಟ್ಟು ತೊಟ್ಟಾಗಿ ನೇರ ಹೊಟ್ಟೆಗೇ ಇಂಕು ತುಂಬುವ ಜಾತಿ. ಅದರ ಗುಣ ಅಪ್ಪನಿಗೆ ಗೊತ್ತಿತ್ತು: ಇಂಕು ಕಾಲುಭಾಗಕ್ಕಿಳಿದರೆ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಕಾಗದದ ಮೇಲೆ ತೊಟ್ಟು ಉದುರುತ್ತದೆ. ಹಾಗಾಗಿ ಖಾಲಿಯಾಗಲಿ ಬಿಡಲಿ, ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ತುಂಬಿಸಿಯೇ ಜೇಬಿಗೆ ಸಿಕ್ಕಿಸುತ್ತಿದ್ದರು. ಅವರು ಹೋದ ಮೇಲೆ ನಾನು ಶುದ್ಧ ಮಾಡುವ ಉಮೇದಿನಲ್ಲಿ ಇಡೀ ಪೆನ್ನನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದೆ. ವರ್ಷಗಟ್ಟಲೆ ಬೆಳಕು ಕಂಡ ಎಬೊನೈಟಿಗೆ ನೀರಾಗದು. ಬೆಳಿಗ್ಗೆ ನೋಡಿದರೆ ಕಾಡಿಗೆಯಂತಿದ್ದ ಪೆನ್ನು ಹಳೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಅಂದು ಕೇಳೋಣವೆಂದರೆ ಹೇಳುವವರಿರಲಿಲ್ಲ. ಈ ಇಪ್ಪತ್ತು ವರ್ಷದಲ್ಲಿ ಕಳೆದುಹೋದದ್ದು ಪೆನ್ನಲ್ಲ, ರಿಪೇರಿಯವರು. ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು ಭೂತಗನ್ನಡಿಯಲ್ಲಿ ನಿಬ್ಬಿನ ಸೀಳು ನೋಡಿ, ಉಗುರಿನ ತುದಿಯಿಂದ ಒತ್ತಿ, 'ಈಗ ಬರೀರಿ' ಎನ್ನುತ್ತಿದ್ದವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. ಅವರ ಕಸುಬನ್ನು ನಾವು ತಪ್ಪು ಮಾಡುತ್ತ ಕಲಿತಿದ್ದೇವೆ. ನನ್ನ ಹಳೆ ಶೇಫರ್‌ನ ಕತೆ ಕೇಳಿ. ಮಗ್ಗುಲಿನ ಸನ್ನೆ ಎತ್ತಿ ಬಿಟ್ಟರೆ ಒಳಗಿನ ರಬ್ಬರ್ ಚೀಲ ಇಂಕು ಹೀರಿಕೊಳ್ಳುವ ಈ ಉಪಾಯ ಅಮೆರಿಕದ ಅಯೋವಾದ ಆಭರಣ ವ್ಯಾಪಾರಿ ವಾಲ್ಟರ್ ಶೇಫರ್‌ನದು. ನನ್ನ ಕೈಗೆ ಬಂದಾಗ ಚೀಲ ಸುಟ್ಟ ಹಪ್ಪಳದಂತೆ ಪುಡಿಪುಡಿಯಾಗಿತ್ತು. ಕೆರೆದು ತೆಗೆದು ಹೊಸ ಚೀಲ ತೊಡಿಸಬೇಕು; ಅದನ್ನು ಅಂಟಿಸುವುದು ಅರಗಿನಿಂದ. ಮುಂದೊಮ್ಮೆ ಬಿಚ್ಚಬೇಕಾದಾಗ ತುಸು ಬಿಸಿಗೆ ಬಿಟ್ಟುಕೊಡುವ ಅಂಟು ಅದು. ಇದೇ ಅರಗಿಗಾಗಿ ನಾಲ್ವಡಿಯವರು 1937ರಲ್ಲಿ ಕಟ್ಟಿಸಿದ ಮೈಸೂರಿನ ಕಾರ್ಖಾನೆಯೇ 1962ರಿಂದ ದೇಶದ ಮತದಾರರ ಬೆರಳಿಗೆ ಅಳಿಸಲಾಗದ ಶಾಯಿ ಕೊಡುತ್ತಿರುವುದು. ಇನ್ನು ಶೇಫರ್ ಹೆಸರನ್ನೇ 2022ರಲ್ಲಿ ಕೊಂಡುಕೊಂಡದ್ದು ಬೆಂಗಳೂರಿನ ವಿಲಿಯಂ ಪೆನ್ ಸಂಸ್ಥೆ. ಅಯೋವಾದ ಪೆನ್ನಿಗೆ ಬೆಂಗಳೂರು ತವರಾಯಿತೋ ಅತ್ತೆಮನೆಯಾಯಿತೋ, ಬಲ್ಲವರು ಹೇಳಬೇಕು.

ಕಲಿತ ಇನ್ನೊಂದು ಪಾಠ ಕನ್ನಡದ್ದೇ. ದಪ್ಪ ನಿಬ್ಬು, ಚಪ್ಪಟೆ ನಿಬ್ಬು ಎಂದು ಸಂಗ್ರಾಹಕರು ಮುಗಿಬಿದ್ದು ಕೊಳ್ಳುತ್ತಾರೆ. ಇಂಗ್ಲಿಷ್ ಸಹಿಗೆ ಅದು ಭರ್ಜರಿ. ಅದರಲ್ಲೇ 'ರಾಷ್ಟ್ರ' ಎಂದು ಬರೆದು ನೋಡಿ. ಷಕಾರದ ಹೊಟ್ಟೆ ಮುಚ್ಚಿಹೋಗಿ, ಕೆಳಗಿನ ಎರಡು ಒತ್ತು ಸೇರಿ ಒಂದು ಜೀರುಂಡೆ ಕೂತಿರುತ್ತದೆ. ನಮ್ಮ ಅಕ್ಷರಕ್ಕೆ ಸುತ್ತು ಹೆಚ್ಚು, ಒತ್ತಕ್ಷರಕ್ಕೆ ಜಾಗ ಕಡಿಮೆ. ಬೇಕಾದದ್ದು ಸಣ್ಣ ನಿಬ್ಬು. ನನ್ನ ನಾಲ್ಕು ಪೆನ್ನುಗಳೂ ಸಣ್ಣ ನಿಬ್ಬಿನವೇ ಎಂಬುದು ಎಣಿಸುವಾಗಷ್ಟೇ ಹೊಳೆಯಿತು. ಹಳೆ ಪಾರ್ಕರ್ 51 ಅವುಗಳಲ್ಲೊಂದು. 1941ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ನಿಬ್ಬು ಮೂತಿಯೊಳಗೆ ಅಡಗಿರುವುದರಿಂದ ಯೋಚಿಸುತ್ತ ಕೂತರೂ ಬೇಗ ಒಣಗದು. ನಮ್ಮ ಸ್ಕೂಲಿನ ಹೀರೊ 616 ಇದರದೇ ನಕಲು.

ಬೆಲೆಯ ಮಾತು ಹೆಚ್ಚು ಬೇಡ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾದ ಮೇಲೆ ಕೀಲಿ ಗಡಿಯಾರಗಳಿಗೆ ಬಂದ ಹುಚ್ಚೇ ಇಂಕ್ ಪೆನ್ನಿಗೂ ಬಂದಿದೆ. ಗಡಿಯಾರ ಕೀಲಿ ಕೊಡದಿದ್ದರೆ ನಿಲ್ಲುತ್ತದೆ, ಅಷ್ಟೆ. ಇಂಕು ತುಂಬಿಟ್ಟು ಬರೆಯದ ಪೆನ್ನಿನ ನಾಲಗೆಯಲ್ಲಿ ಮಸಿ ಗಟ್ಟಿ ಕೂರುತ್ತದೆ.

ಈ ವರ್ಷದ ಲೆಕ್ಕ ಹೀಗೆ ಮುಗಿಸಿದೆ: ಹನ್ನೊಂದನ್ನು ಬರೆಯುವವರನ್ನು ಹುಡುಕಿ ಕೊಟ್ಟುಬಿಡುವುದು, ಹೊಸದು ಕೊಳ್ಳದಿರುವುದು. ಎರಡನೆಯದನ್ನು ಮನೆಯಲ್ಲಿ ಯಾರೂ ನಂಬಿಲ್ಲ. ವಿಜಯದಶಮಿಯ ಬೆಳಿಗ್ಗೆ ಕುಂಕುಮ ಒರೆಸಿ, ಬೆಲ್ಲದ ಬಣ್ಣದ ರತ್ನಂಗೆ ಕಂಠಮಟ್ಟ ಇಂಕು ತುಂಬಿದೆ. ನಿಬ್ಬನ್ನು ಒದ್ದೆ ಬೆರಳಿಗೆ ಮುಟ್ಟಿಸಿ ಹಾಲಿನ ಲೆಕ್ಕದ ಪುಸ್ತಕ ತೆರೆದು 'ಎರಡು ಲೀಟರ್' ಎಂದು ಬರೆದೆ. ಕಾಗದ ಬಾಲ್‌ಪೆನ್ನಿನದು, 'ಎರಡು' ಹಿಂದಿನ ಪುಟಕ್ಕೂ ಇಳಿಯಿತು.