‘ಆ...’ ಎಷ್ಟು ಸೆಕೆಂಡ್ ಎಳೆದರೆ ನಾರ್ಮಲ್? ಗಂಟಲು ಪರೀಕ್ಷೆಯ ಅಳತೆಗೋಲು ಯಾರದ್ದು?

ಶಿವಮೊಗ್ಗ: ಗಾಂಧಿ ಬಜಾರ್‌ನಲ್ಲಿ ದಿನವಿಡೀ ಗಿರಾಕಿ ಕರೆಯುವವರು, ಭದ್ರಾವತಿ ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವ ಕಂಡಕ್ಟರ್‌ಗಳು, ತುಂಬಿದ ಕ್ಲಾಸಿನಲ್ಲಿ ಪಾಠ ಮಾಡುವ ಮೇಷ್ಟ್ರು, ಟೀಚರ್‌ಗಳು. ಇವರಿಗೆಲ್ಲ ಗಂಟಲೇ ಬಂಡವಾಳ. ಅದು ಕಟ್ಟಿ ವಾರಗಟ್ಟಲೆ ಬಿಡದೇ ಇದ್ದಾಗ ಇಎನ್‌ಟಿ ಡಾಕ್ಟರ್ ಧ್ವನಿ ಪರೀಕ್ಷೆಗೆ ಬರೆದುಕೊಡುತ್ತಾರೆ. ರಿಪೋರ್ಟ್‌ನಲ್ಲಿ ಒಂದು ಕಡೆ ನಿಮ್ಮ ಅಂಕಿ, ಪಕ್ಕದಲ್ಲೇ ‘ನಾರ್ಮಲ್’. ಆ ನಾರ್ಮಲ್ ಯಾರ ಗಂಟಲು ಅಳೆದು ಬರೆದದ್ದು ಅನ್ನೋದೇ ಪ್ರಶ್ನೆ.

ಸುಲಭದ ಪರೀಕ್ಷೆಯನ್ನೇ ನೋಡಿ. ಉಸಿರು ತುಂಬಿಕೊಂಡು ‘ಆ...’ ಅಂತ ಎಷ್ಟೊತ್ತು ಎಳೀತೀರಿ ಅಂತ ಗಡಿಯಾರ ಹಿಡಿಯುತ್ತಾರೆ. ವಿದೇಶಿ ಪುಸ್ತಕಗಳ ಲೆಕ್ಕದಲ್ಲಿ ಗಂಡಸರಿಗೆ 25 ಸೆಕೆಂಡ್ ಆಸುಪಾಸು, ಹೆಂಗಸರಿಗೆ 20ರ ಆಸುಪಾಸು. ಭಾರತೀಯರನ್ನು ಅಳೆದಾಗ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆಯೇ ಬರುತ್ತೆ. ಶ್ವಾಸಕೋಶದ ಸರಾಸರಿ ಅಳತೆಯೇ ನಮ್ಮಲ್ಲಿ ಯುರೋಪಿನವರಿಗಿಂತ ಚಿಕ್ಕದು. ಹಾಗಾಗಿ 16 ಸೆಕೆಂಡ್ ಎಳೆದ ಗಟ್ಟಿಮುಟ್ಟಾದ ಭದ್ರಾವತಿಯ ಕೆಲಸಗಾರ ಕಾಗದದ ಮೇಲೆ ರೋಗಿ ಆಗಿಬಿಡಬಹುದು.

ಇನ್ನೊಂದು ಪರೀಕ್ಷೆಯ ಕಥೆ ಸ್ವಾರಸ್ಯದ್ದು. ‘ಸ್‌ಸ್‌ಸ್’ ಅಂತ ಎಳೆದ ಹೊತ್ತನ್ನು ಇಂಗ್ಲಿಷಿನ ‘ಝಡ್’ ಅಕ್ಷರದ ಧ್ವನಿ ಎಳೆದ ಹೊತ್ತಿಗೆ ಹೋಲಿಸುತ್ತಾರೆ. ಮೊದಲನೆಯದರಲ್ಲಿ ಧ್ವನಿತಂತು ಕಂಪಿಸಲ್ಲ, ಎರಡನೆಯದರಲ್ಲಿ ಕಂಪಿಸುತ್ತೆ. ಎರಡೂ ಹೆಚ್ಚುಕಮ್ಮಿ ಸಮ ಇದ್ದರೆ ಸರಿ, ಮೊದಲನೆಯದು 1.4 ಪಟ್ಟು ದಾಟಿದರೆ ಧ್ವನಿತಂತಿನ ಮೇಲೆ ಅನುಮಾನ. ಆದರೆ ಆ ‘ಝಡ್’ ಧ್ವನಿ ಕನ್ನಡದ ಮೂಲದಲ್ಲೇ ಇಲ್ಲ. ಹಳ್ಳಿಯವರು ‘ಜ’ ಅಂತಾರೆ. ‘ಜ’ ಎಳೆಯೋಕೆ ಬರಲ್ಲ, ಎಳೆದರೆ ‘ಅ’ ಆಗುತ್ತೆ. ಮೊದಲು ಜೇನುನೊಣದ ಸದ್ದು ಮಾಡಿ ತೋರಿಸಿ ಕಲಿಸದಿದ್ದರೆ ಅಂಕಿ ಗಂಟಲಿನದ್ದಲ್ಲ, ಭಾಷೆಯದ್ದು.

ಕಂಪ್ಯೂಟರ್ ತಂತ್ರಾಂಶಗಳದ್ದೂ ಇದೇ ಪಾಡು. ಸ್ವರದ ನಡುಕಕ್ಕೆ ಒಂದು ಹೆಸರಾಂತ ತಂತ್ರಾಂಶ ಇಟ್ಟಿರುವ ಗಡಿ ಶೇ 1.04. ಅದು ಅಮೆರಿಕದಲ್ಲಿ ಕೆಲವೇ ಜನರ ಧ್ವನಿಯಿಂದ ತೆಗೆದದ್ದು.

ಹಾಗಂತ ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದಶಕಗಳಿಂದ ಮಕ್ಕಳು, ವಯಸ್ಸಾದವರು, ಗಾಯಕರು ಅಂತ ಗುಂಪು ಗುಂಪಾಗಿ ಧ್ವನಿ ಅಳೆದ ಪ್ರಬಂಧಗಳಿವೆ. ಅವು ಲೈಬ್ರರಿ ಕಪಾಟಿನಿಂದ ತಾಲ್ಲೂಕಿನ ರಿಪೋರ್ಟ್‌ಗೆ ಇಳಿಯಬೇಕು.

ತಾಲ್ಲೂಕಿಗೊಂದು ನಾರ್ಮಲ್ ಬೇಕು ಅನ್ನೋದು ಅತಿ. ಲಿಂಗ, ವಯಸ್ಸು, ಕಸುಬು ಬೇರೆ ಮಾಡಿದರೆ ಸಾಕು. ಪ್ರಯೋಗಾಲಯಗಳ ಅಂತರರಾಷ್ಟ್ರೀಯ ರೂಢಿ ಪ್ರಕಾರ ಒಂದು ಗುಂಪಿಗೆ ಕನಿಷ್ಠ 120 ಆರೋಗ್ಯವಂತರು ಬೇಕು. ಅವರಲ್ಲಿ ಮಧ್ಯದ ಶೇ 95 ಮಂದಿಯ ಅಂಕಿಯೇ ‘ನಾರ್ಮಲ್’. ಅಂದರೆ ಏನೂ ಕಾಯಿಲೆ ಇಲ್ಲದ 20 ಜನರಲ್ಲಿ ಒಬ್ಬರು ಹೇಗಿದ್ದರೂ ಗೆರೆಯಾಚೆ ಬೀಳ್ತಾರೆ. ಈ ಮಾತು ರೋಗಿಗೆ ಯಾರೂ ಹೇಳಲ್ಲ.

ಸಿಮ್ಸ್ ವೈದ್ಯಕೀಯ ಕಾಲೇಜು ಇರುವ ಮೆಗ್ಗಾನ್‌ನಲ್ಲಿ ರೋಗಿಗಳ ಜೊತೆ ಬರುವ ನೆಂಟರಲ್ಲೇ 120 ಜನ ಸಿಗ್ತಾರೆ. ಕಷ್ಟ ಇರೋದು ಆರಿಸುವುದರಲ್ಲಿ. ಗುಟ್ಕಾ, ಬೀಡಿ, ಥೈರಾಯ್ಡ್, ಹುಳಿತೇಗು ಇರುವವರನ್ನು ಬಿಡಬೇಕು. ಬಿ.ಎಚ್. ರಸ್ತೆಯ ಹಾರ್ನ್ ಕೇಳದ ಕೋಣೆಯೂ ಬೇಕು.

ಅಲ್ಲಿವರೆಗೆ ಅಂಗಡಿಯವರಾಗಲಿ, ಮೇಷ್ಟ್ರಾಗಲಿ ಅಂಕಿ ನೋಡಿ ಗಾಬರಿ ಬೀಳೋದೂ ಬೇಡ, ‘ನಾರ್ಮಲ್’ ಅಂತ ಸುಮ್ಮನಾಗೋದೂ ಬೇಡ. ದನಿ ಒಡೆದು ಮೂರು ವಾರ ದಾಟಿದರೆ, ಅದರಲ್ಲೂ ಹೊಗೆಸೊಪ್ಪಿನ ಚಟ ಇದ್ದರೆ, ಕ್ಯಾಮೆರಾ ಇಳಿಸಿ ಧ್ವನಿತಂತು ನೋಡಿಸಿಕೊಳ್ಳಿ.